ಕರಾವಳಿಯ ಕಪಾಟಿಗೆ ಯಾವ ಕಲಾಗ್ರಂಥ? ಸಮಕಾಲೀನ ಕಲೆಯ ಸಮೀಕ್ಷೆಗಳ ಹೋಲಿಕೆ

ಕಳೆದ ವರ್ಷ ಶಿರಸಿಯ ಒಂದು ಸಣ್ಣ ವಾಚನಾಲಯದವರು ಕಲಾವಿಭಾಗಕ್ಕೆಂದು ಹದಿನೈದು ಸಾವಿರ ರೂಪಾಯಿ ತೆಗೆದಿರಿಸಿ, ಸಮಕಾಲೀನ ಕಲೆಯನ್ನು ಪರಿಚಯಿಸುವ ಪುಸ್ತಕಗಳಲ್ಲಿ ಯಾವುವನ್ನು ತರಿಸಬೇಕೆಂದು ನನ್ನನ್ನು ಕೇಳಿದರು. ಪ್ರೌಢಶಾಲೆಯಲ್ಲಿ ಇಪ್ಪತ್ತು ವರ್ಷ ಮೀರಿ ಚಿತ್ರಕಲೆ ಕಲಿಸಿದವನಾದ್ದರಿಂದ ಉತ್ತರ ಸುಲಭವೆಂದು ಭಾವಿಸಿದ್ದೆ. ಆದರೆ ಪಟ್ಟಿ ಮಾಡಲು ಕುಳಿತಾಗ, ನನ್ನ ಕಪಾಟಿನಲ್ಲಿರುವ ಇಂತಹ ಪುಸ್ತಕಗಳಲ್ಲಿ ಮೂರು ನಾಲ್ಕನ್ನು ಮಾತ್ರ ಮಕ್ಕಳು ಮತ್ತೆ ಮತ್ತೆ ಕೇಳಿ ಪಡೆಯುತ್ತಾರೆ, ಉಳಿದವನ್ನು ಒಮ್ಮೆ ತಿರುವಿ ಹಾಕಿ ಮರಳಿಸುತ್ತಾರೆ ಎಂಬುದು ಗಮನಕ್ಕೆ ಬಂತು. ಅದಕ್ಕೆ ಕಾರಣ ಒಳಗಿರುವ ಕಲಾವಿದರ ಹೆಸರುಗಳಲ್ಲ, ಪುಸ್ತಕವನ್ನು ಕಟ್ಟಿದ ರೀತಿ. ಆದ್ದರಿಂದ ಈ ಹೋಲಿಕೆಯಲ್ಲಿ ನಾನು ವಿನ್ಯಾಸಕ್ಕೆ ಹೆಚ್ಚಿನ ಜಾಗ ಕೊಟ್ಟಿದ್ದೇನೆ.

ಸಮೀಕ್ಷಾ ಗ್ರಂಥವೆಂದರೆ ಬದುಕಿದ್ದು ಕೆಲಸ ಮಾಡುತ್ತಿರುವ ಹತ್ತಾರು ಅಥವಾ ನೂರಾರು ಕಲಾವಿದರನ್ನು ಒಂದೇ ಸಂಪುಟದಲ್ಲಿ ಕೂಡಿಸಿ, ಒಬ್ಬೊಬ್ಬರಿಗೂ ಒಂದರಿಂದ ನಾಲ್ಕು ಪುಟ ಮೀಸಲಿಟ್ಟು, ಹೆಚ್ಚು ಚಿತ್ರ, ಸ್ವಲ್ಪ ಬರಹ ಎಂಬ ಅಳತೆಯಲ್ಲಿ ರೂಪಿಸಿದ ಪುಸ್ತಕ. ಇದು ಕಲೆಯ ಇತಿಹಾಸವಲ್ಲ, ಒಬ್ಬ ಕಲಾವಿದನ ಕುರಿತ ಪ್ರಬಂಧವೂ ಅಲ್ಲ. ಇದರ ಆಕರ್ಷಣೆಯೂ ಅಲ್ಲಿಯೇ ಇದೆ. ಯಾವ ಪುಟವನ್ನಾದರೂ ತೆರೆಯಬಹುದು, ಹಿಂದಿನದನ್ನು ಓದಿರಬೇಕೆಂಬ ನಿಯಮವಿಲ್ಲ, ಎಡಪುಟದಲ್ಲಿ ಬ್ರೆಜಿಲಿನ ಶಿಲ್ಪವಿದ್ದರೆ ಬಲಪುಟದಲ್ಲಿ ಜಪಾನಿನ ಛಾಯಾಚಿತ್ರ ಎದುರಾಗುತ್ತದೆ. ಬೆಂಗಳೂರಿನ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯ 2009ರಲ್ಲಿ ತೆರೆದದ್ದು ನಮ್ಮ ರಾಜ್ಯಕ್ಕೆ ದೊಡ್ಡ ಭಾಗ್ಯವೇ ಸರಿ. ಆದರೂ ಕಾರವಾರದಿಂದ ಅದು ಐನೂರು ಕಿಲೋಮೀಟರ್ ದೂರ. ಇಲ್ಲಿನ ಹುಡುಗನೊಬ್ಬ ಸಮಕಾಲೀನ ಕಲೆಯನ್ನು ಮೊದಲು ಕಾಣುವುದು ಬಹುಮಟ್ಟಿಗೆ ಅಚ್ಚಾದ ಪುಟದಲ್ಲಿಯೇ. ಮೊಬೈಲಿನಲ್ಲಿಯೂ ಕಾಣುತ್ತಾನೆ, ನಿಜ. ಆದರೆ ಮೊಬೈಲು ಅವನು ಹುಡುಕಿದ್ದನ್ನೇ ತೋರಿಸುತ್ತದೆ. ಹೆಸರೇ ಗೊತ್ತಿಲ್ಲದ ಕಲಾವಿದನನ್ನು ಅವನು ಹುಡುಕುವುದಾದರೂ ಹೇಗೆ?

ಜೋಡಣೆಯ ಕ್ರಮ

ಅಂಗಡಿಯಲ್ಲಿ ಇಂತಹ ಪುಸ್ತಕ ಕೈಗೆ ಬಂದಾಗ ಮೊದಲು ನೋಡಬೇಕಾದದ್ದು ಕಲಾವಿದರನ್ನು ಯಾವ ಕ್ರಮದಲ್ಲಿ ಇಟ್ಟಿದ್ದಾರೆ ಎಂಬುದನ್ನು. ಮಾರುಕಟ್ಟೆಯಲ್ಲಿರುವ ಪುಸ್ತಕಗಳನ್ನು ಈ ದೃಷ್ಟಿಯಿಂದ ನಾಲ್ಕು ಜಾತಿಗೆ ಸೇರಿಸಬಹುದು.

ಅಕಾರಾದಿ ಕ್ರಮದ್ದು ಎಲ್ಲರಿಗೂ ಪರಿಚಿತ. ಫೈಡನ್ ಪ್ರಕಾಶನ 1994ರಲ್ಲಿ ತಂದ ‘ದಿ ಆರ್ಟ್ ಬುಕ್’ ಈ ಮಾದರಿಯನ್ನು ಜನಪ್ರಿಯಗೊಳಿಸಿತು. ಐನೂರು ಕಲಾವಿದರು, ಒಬ್ಬರಿಗೆ ಒಂದು ಪುಟ, ಒಂದು ದೊಡ್ಡ ಚಿತ್ರ, ಒಂದು ಚಿಕ್ಕ ಟಿಪ್ಪಣಿ. ಟಿಪ್ಪಣಿಯ ಜೊತೆಗೆ ಈ ಕಲಾವಿದನಿಗೆ ಹತ್ತಿರವಾದ ಬೇರೆ ಹೆಸರುಗಳ ಸೂಚನೆ. ಅದು ಎಲ್ಲ ಕಾಲಗಳನ್ನೂ ಒಳಗೊಂಡ ಪುಸ್ತಕ. ಅದೇ ಮನೆಯಿಂದ 2014ರಲ್ಲಿ ಬಂದ ‘ದಿ ಟ್ವೆಂಟಿಫಸ್ಟ್ ಸೆಂಚುರಿ ಆರ್ಟ್ ಬುಕ್’ ಅದೇ ಅಚ್ಚಿನಲ್ಲಿ ಹೊಸ ಶತಮಾನದವರನ್ನು ಮಾತ್ರ ಸೇರಿಸಿಕೊಂಡಿತು. ಅಕ್ಷರದ ಆಕಸ್ಮಿಕದಿಂದ ಇಬ್ಬರು ಅಪರಿಚಿತರು ಎದುರುಬದುರಾಗುವುದು ಈ ಕ್ರಮದ ಸೊಗಸು. ಮಕ್ಕಳಿಗೆ ಇದು ಬಲು ಇಷ್ಟ. ಇದರ ಕೊರತೆ ಬೇರೆ: ಒಬ್ಬ ಕಲಾವಿದನ ಒಂದೇ ಕೃತಿಯನ್ನು ಕಂಡವನಿಗೆ ಆ ಕಲಾವಿದ ಪರಿಚಯವಾದಂತೆ ಅನ್ನಿಸುತ್ತದೆ, ಆದರೆ ಆಗಿರುವುದಿಲ್ಲ. ಮೂರು ಕೃತಿಗಳನ್ನು ಅಕ್ಕಪಕ್ಕ ಕಂಡಾಗಲೇ ಒಬ್ಬರ ಕೈಯ ಗುರುತು ಸಿಗುತ್ತದೆ. ಒಂದೇ ಹಾಡು ಕೇಳಿ ಗಾಯಕನನ್ನು ಅಳೆಯಲಾಗದು.

ತಾಶೆನ್ ಪ್ರಕಾಶನದ ‘ಆರ್ಟ್ ನೌ’ ಸಂಪುಟಗಳು ಸಹ ಅಕಾರಾದಿಯಾಗಿಯೇ ಸಾಗುತ್ತವೆ, ಆದರೆ ಒಬ್ಬರಿಗೆ ಕೆಲವು ಪುಟಗಳನ್ನು ಕೊಡುತ್ತವೆ. ಕಲೋನ್ ನಗರದಲ್ಲಿ 1980ರಲ್ಲಿ ಕಾಮಿಕ್ಸ್ ಮಾರುವ ಅಂಗಡಿಯಾಗಿ ಆರಂಭವಾದ ಈ ಸಂಸ್ಥೆ, ದೊಡ್ಡ ಸಂಖ್ಯೆಯಲ್ಲಿ ಅಚ್ಚು ಹಾಕಿ ಬೆಲೆ ಇಳಿಸುವ ಜಾಣ್ಮೆಯಿಂದಲೇ ಹೆಸರಾಯಿತು. ಹಲವು ದೇಶಗಳಲ್ಲಿ ಒಂದೇ ಪುಸ್ತಕವನ್ನು ಮಾರುವ ಉದ್ದೇಶದಿಂದ ಈ ಸಂಪುಟಗಳಲ್ಲಿ ಇಂಗ್ಲಿಷ್, ಜರ್ಮನ್, ಫ್ರೆಂಚ್ ಮೂರನ್ನೂ ಒಟ್ಟಿಗೆ ಮುದ್ರಿಸಿರುತ್ತಾರೆ. ಕೊಳ್ಳುವ ಮೊದಲು ಇದನ್ನು ಗಮನಿಸಬೇಕು, ಏಕೆಂದರೆ ಬರಹಕ್ಕೆಂದು ಮೀಸಲಾದ ಜಾಗದಲ್ಲಿ ನಮಗೆ ದಕ್ಕುವುದು ಮೂರನೆಯ ಒಂದು ಪಾಲು ಮಾತ್ರ. ಚಿತ್ರ ನೋಡುವುದಷ್ಟೇ ಉದ್ದೇಶವಾದರೆ ಅದರಿಂದ ನಷ್ಟವಿಲ್ಲ. ಓದಿ ತಿಳಿಯಬೇಕೆನ್ನುವವರಿಗೆ ನಷ್ಟವಿದೆ.

ಎರಡನೆಯ ಜಾತಿಯವು ಕ್ಯುರೇಟರುಗಳ, ಅಂದರೆ ಪ್ರದರ್ಶನಗಳಿಗೆ ಕೃತಿಗಳನ್ನು ಆರಿಸಿ ಜೋಡಿಸುವವರ, ಆಯ್ಕೆಯ ಮೇಲೆ ನಿಂತವು. ಫೈಡನ್ 1998ರಲ್ಲಿ ಆರಂಭಿಸಿದ ‘ಕ್ರೀಮ್’ ಮಾಲೆ ಇದಕ್ಕೆ ತಕ್ಕ ಉದಾಹರಣೆ. ಹತ್ತು ಕ್ಯುರೇಟರುಗಳು, ಒಬ್ಬೊಬ್ಬರೂ ಆರಿಸಿದ ಹತ್ತು ಕಲಾವಿದರು, ಒಟ್ಟು ನೂರು. ಪುಸ್ತಕವನ್ನೇ ಒಂದು ಪ್ರದರ್ಶನವೆಂದು ಬಗೆದು ಕಟ್ಟಿದ ಮಾಲೆ ಇದು. ಅದರ ಸಂಪುಟಗಳ ಹೊರರೂಪವೂ ಹಾಗೆಯೇ ಸಾಹಸದ್ದು. 2000ದ ‘ಫ್ರೆಶ್ ಕ್ರೀಮ್’ ಗಾಳಿ ತುಂಬಿದ ಪಾರದರ್ಶಕ ಪ್ಲಾಸ್ಟಿಕ್ ದಿಂಬಿನೊಳಗೆ ಬಂತು. 2010ರ ‘ಕ್ರೀಮಿಯರ್’ ವೃತ್ತಪತ್ರಿಕೆಯ ರೂಪ ತಾಳಿ, ದೊಡ್ಡ ಹಾಳೆಗಳಲ್ಲಿ ಬಂತು. ಎಲ್ಲ ಕಲಾಪುಸ್ತಕಗಳೂ ಹೊಳೆಯುವ ಹಾಳೆಯ ಕಡೆಗೆ ಓಡುತ್ತಿದ್ದಾಗ ಬೆಳಗಿನ ಪತ್ರಿಕೆಯಂತೆ ಬಿಡಿಸಿ ನೋಡುವ ಕಲಾಗ್ರಂಥವನ್ನು ಕಲ್ಪಿಸಿದ ವಿನ್ಯಾಸಕಾರರ ಧೈರ್ಯವನ್ನು ನಾನು ಮನಸಾರೆ ಮೆಚ್ಚುತ್ತೇನೆ. ಆದರೆ ಹತ್ತು ಜನ ಕೈಯಾಡಿಸುವ ವಾಚನಾಲಯದ ಕಪಾಟಿಗೆ ಅಂತಹ ರೂಪ ಒಗ್ಗುವುದಿಲ್ಲ. ಗಾಳಿಯ ದಿಂಬು ಮೊದಲ ವಾರವೇ ಇಳಿದುಹೋಗುತ್ತದೆ, ಪತ್ರಿಕೆಯ ಮಡಿಕೆಗಳು ಒಂದು ಮಳೆಗಾಲದಲ್ಲಿ ಮೆತ್ತಗಾಗುತ್ತವೆ. ಇವು ಸಂಗ್ರಹಕಾರರು ಮನೆಯಲ್ಲಿ ಜೋಪಾನವಾಗಿ ಇಟ್ಟುಕೊಳ್ಳಬೇಕಾದ ಪುಸ್ತಕಗಳು.

ಈ ಜಾತಿಯ ಗ್ರಂಥಗಳಲ್ಲಿ ಇನ್ನೊಂದು ಗುಣವಿದೆ. ಯಾರು ಆರಿಸಿದರು ಎಂಬುದನ್ನು ಇವು ಮುಚ್ಚಿಡುವುದಿಲ್ಲ. ಅಕಾರಾದಿ ಪುಸ್ತಕದಲ್ಲಿ ಆಯ್ಕೆ ಮಾಡಿದವರ ಕೈ ಕಾಣಿಸದೆ, ಪಟ್ಟಿ ತಾನಾಗಿಯೇ ಆದದ್ದೆಂಬ ಭ್ರಮೆ ಹುಟ್ಟುತ್ತದೆ. ಇಲ್ಲಿ ಇಂಥವರು ಇಂಥವರನ್ನು ಸೂಚಿಸಿದ್ದಾರೆಂದು ಸ್ಪಷ್ಟವಾಗಿರುವುದರಿಂದ, ಓದುಗ ಒಪ್ಪಬಹುದು, ಒಪ್ಪದಿರಬಹುದು. ಕಲಿಯುವವರಿಗೆ ಇದು ಬಹಳ ಮುಖ್ಯವೆಂದು ನಾನು ತಿಳಿಯುತ್ತೇನೆ.

ಮೂರನೆಯದು ಮಾಧ್ಯಮದ ಪ್ರಕಾರ ವಿಂಗಡಿಸಿದವು. ಫೈಡನ್‌ನದೇ ‘ವಿಟಮಿನ್’ ಮಾಲೆ 2002ರಲ್ಲಿ ಚಿತ್ರಕಲೆಯ ಸಂಪುಟದಿಂದ ಆರಂಭವಾಗಿ, 2005ರಲ್ಲಿ ರೇಖಾಚಿತ್ರಕ್ಕೆ, 2006ರಲ್ಲಿ ಛಾಯಾಚಿತ್ರಕ್ಕೆ, 2009ರಲ್ಲಿ ಶಿಲ್ಪ ಮತ್ತು ಪ್ರತಿಷ್ಠಾಪನೆಗೆ (ವಸ್ತುಗಳನ್ನು ಒಂದು ಜಾಗದಲ್ಲಿ ಜೋಡಿಸಿ ಕಟ್ಟುವ ಕಲೆ), 2017ರಲ್ಲಿ ಮಣ್ಣು ಮತ್ತು ಸೆರಾಮಿಕ್ಸಿಗೆ, 2019ರಲ್ಲಿ ನೂಲು ಮತ್ತು ಬಟ್ಟೆಗೆ ವಿಸ್ತರಿಸಿತು. ಇಲ್ಲಿಯೂ ಹೆಸರು ಸೂಚಿಸುವವರು ಕ್ಯುರೇಟರುಗಳು ಮತ್ತು ವಿಮರ್ಶಕರೇ, ಆದರೆ ಒಂದು ಸಂಪುಟದೊಳಗೆ ಮಾಧ್ಯಮ ಒಂದೇ ಆಗಿರುವುದರಿಂದ ಹೋಲಿಸಿ ನೋಡುವುದು ಸಾಧ್ಯವಾಗುತ್ತದೆ. ಪೆನ್ಸಿಲ್ ಹಿಡಿದವನಿಗೆ ಪೆನ್ಸಿಲಿನಿಂದ ಇನ್ನೂ ಏನೇನು ಮಾಡಬಹುದೆಂದು ತೋರಿಸುವ ಪುಸ್ತಕ ಬೇಕು. ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಈ ವಿಂಗಡಣೆ ವಿಶೇಷವಾಗಿ ಹೊಂದುತ್ತದೆ ಎಂಬುದು ನನ್ನ ಅನುಭವ. ಯಲ್ಲಾಪುರದ ಕಡೆಯ ಒಬ್ಬ ವಿದ್ಯಾರ್ಥಿನಿಗೆ ಬಟ್ಟೆಯ ಸಂಪುಟವನ್ನು ಕೊಟ್ಟಿದ್ದೆ. ಅವಳ ಅಜ್ಜಿ ಸಿದ್ದಿ ಸಮುದಾಯದ ಹೆಂಗಸರಂತೆ ಹಳೆಯ ಸೀರೆಯ ತುಂಡುಗಳನ್ನು ಒಂದರ ಮೇಲೊಂದು ಇಟ್ಟು ಕವದಿ ಹೊಲಿಯುವವರು. ಅಂಚಿನಿಂದ ಒಳಕ್ಕೆ ಸುತ್ತಿಕೊಂಡು ಹೋಗುವ ಆ ಓಟದ ಹೊಲಿಗೆಯನ್ನು ಕಲೆ ಎಂದು ಕರೆಯಬಹುದೆಂದು ಆ ಹುಡುಗಿಗೆ ಅದುವರೆಗೆ ಯಾರೂ ಹೇಳಿರಲಿಲ್ಲ. ಪುಸ್ತಕವನ್ನು ಮರಳಿಸುವಾಗ ಅಜ್ಜಿಯ ಕವದಿಯನ್ನೂ ತಂದು, ಮೇಜಿನ ಮೇಲೆ ಎರಡನ್ನೂ ಪಕ್ಕಪಕ್ಕದಲ್ಲಿ ಬಿಡಿಸಿದಳು. ಮರ ಕೆತ್ತುವ ಗುಡಿಗಾರರ ಮನೆತನದ ಹುಡುಗರಿಗೆ ಶಿಲ್ಪದ ಸಂಪುಟ, ಅಂಕೋಲೆ ಕುಮಟೆಗಳ ಹಳೆಯ ದೇವಸ್ಥಾನಗಳ ಗೋಡೆಯ ಮೇಲೆ ಕೆಂಪು ಬಿಳುಪಿನ ಕಾವಿ ಕಲೆಯನ್ನು ಕಂಡು ಬೆಳೆದವರಿಗೆ ರೇಖಾಚಿತ್ರದ ಸಂಪುಟ ಹೀಗೆಯೇ ಹತ್ತಿರವಾಗುತ್ತದೆ.

ನಾಲ್ಕನೆಯವು ಒಂದು ವಾದವನ್ನೋ ವಿಷಯವನ್ನೋ ಹಿಡಿದು ಅಧ್ಯಾಯಗಳಾಗಿ ಸಾಗುವವು. ಥೇಮ್ಸ್ ಅಂಡ್ ಹಡ್ಸನ್ ಪ್ರಕಾಶನ 1958ರಲ್ಲಿ ಆರಂಭಿಸಿದ ‘ವರ್ಲ್ಡ್ ಆಫ್ ಆರ್ಟ್’ ಮಾಲೆಯ ಪುಸ್ತಕಗಳು ಈ ಬಗೆಯವು. ಕೈಚೀಲದಲ್ಲಿ ಹಿಡಿಯುವ ಗಾತ್ರ, ಮೆತ್ತನೆಯ ರಟ್ಟು, ಚಿತ್ರಗಳು ಬರಹದ ನಡುನಡುವೆ, ಎಷ್ಟೋ ಬಾರಿ ಅಂಗೈಗಿಂತ ಚಿಕ್ಕವು. ನೋಡುವ ಸುಖ ಇಲ್ಲಿ ಕಡಿಮೆ, ತಿಳಿಯುವ ಸುಖ ಹೆಚ್ಚು. 2004ರಲ್ಲಿ ಈ ಮಾಲೆಯಲ್ಲಿ ಬಂದ, ಛಾಯಾಚಿತ್ರವನ್ನು ಸಮಕಾಲೀನ ಕಲೆಯಾಗಿ ನೋಡುವ ಪುಸ್ತಕ ಒಂದೊಂದು ಅಧ್ಯಾಯದಲ್ಲಿ ಛಾಯಾಗ್ರಾಹಕರು ಚಿತ್ರಕ್ಕೆ ಹೇಗೆ ತೊಡಗುತ್ತಾರೆಂಬುದನ್ನು ವಿಂಗಡಿಸಿ ಹೇಳುತ್ತದೆ. ಚಿತ್ರಗಳ ರಾಶಿಯನ್ನು ನೋಡಿ ದಣಿದವರಿಗೆ ಅದು ದಾರಿ ತೋರುತ್ತದೆ.

ಅಳತೆಯೂ ಅಡಿಬರಹವೂ

ಪುಟದಲ್ಲಿ ಕಾಣುವ ಚಿತ್ರ ಮೂಲದಲ್ಲಿ ಎಷ್ಟು ದೊಡ್ಡದು ಎಂಬ ಅರಿವು ಮೂಡದೆ ಇದ್ದರೆ ಸಮೀಕ್ಷಾ ಗ್ರಂಥ ನಮ್ಮನ್ನು ದಾರಿ ತಪ್ಪಿಸುತ್ತದೆ. ಎಲ್ಲ ಕೃತಿಗಳನ್ನೂ ಅದು ಒಂದೇ ಪುಟದ ಅಗಲಕ್ಕೆ ಇಳಿಸುತ್ತದೆ, ಇಲ್ಲವೇ ಏರಿಸುತ್ತದೆ. ಮೈಸೂರಿನ ಎನ್. ಎಸ್. ಹರ್ಷ ಅವರ ‘ಕಮ್ ಗಿವ್ ಅಸ್ ಎ ಸ್ಪೀಚ್’ ಎಂಬ 2008ರ ಕೃತಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಆರು ಫಲಕಗಳು, ಪ್ರತಿಯೊಂದೂ ಸುಮಾರು 1.8 ಮೀಟರ್ ಅಗಲ. ಅವುಗಳ ಉದ್ದಕ್ಕೂ ಕುರ್ಚಿಗಳ ಮೇಲೆ ಸಾಲುಸಾಲಾಗಿ ಕುಳಿತ ಜನ. ಒಟ್ಟು ಅಗಲ ಹನ್ನೊಂದು ಮೀಟರಿಗೆ ಹತ್ತಿರ. ಇದನ್ನು ಐವತ್ತು ಸೆಂಟಿಮೀಟರ್ ಅಗಲದ ಜೋಡಿಪುಟದಲ್ಲಿ ಹರಡಿದರೆ ಚಿತ್ರ ಇಪ್ಪತ್ತೆರಡು ಪಟ್ಟು ಕುಗ್ಗುತ್ತದೆ. ಮೂಲದಲ್ಲಿ ಗೇಣುದ್ದವಿದ್ದ ಆಕೃತಿ ಇಲ್ಲಿ ಒಂದು ಸೆಂಟಿಮೀಟರ್. ಒಬ್ಬೊಬ್ಬನ ಮುಖ, ಉಡುಪು, ಕುಳಿತ ಭಂಗಿ ಬೇರೆಬೇರೆ ಎಂಬುದೇ ಆ ಕೃತಿಯ ಜೀವವಾಗಿರುವಾಗ, ಪುಟದಲ್ಲಿ ಉಳಿಯುವುದು ಚುಕ್ಕೆಗಳ ನೇಯ್ಗೆ ಮಾತ್ರ. ಒಳ್ಳೆಯ ವಿನ್ಯಾಸಕಾರ ಇಂತಹ ಕಡೆ ಇಡೀ ಕೃತಿಯನ್ನು ಒಮ್ಮೆ ಕಿರಿದಾಗಿ ತೋರಿಸಿ, ಎದುರಿನ ಪುಟದಲ್ಲಿ ಒಂದು ಮೂಲೆಯನ್ನು ಮೂಲದ ಅಳತೆಗೆ ಹತ್ತಿರವಾಗಿ ದೊಡ್ಡದಾಗಿಸಿ ಕೊಡುತ್ತಾನೆ. ಆರು ಫಲಕಗಳ ಕೃತಿಯನ್ನು ಜೋಡಿಪುಟದ ಮೇಲೆ ಹರಡುವಾಗ ಮೂರನೆಯ ಮತ್ತು ನಾಲ್ಕನೆಯ ಫಲಕಗಳ ಸಂಧಿ ಪುಸ್ತಕದ ನಡುಮಡಿಕೆಯಲ್ಲಿಯೇ ಬೀಳುವಂತೆ ಇಡುವುದು ಸಾಧ್ಯ. ಹಾಗೆ ಇಟ್ಟ ಪುಸ್ತಕವನ್ನು ಕಂಡರೆ ಅಲ್ಲಿ ಯಾರೋ ಶ್ರದ್ಧೆಯಿಂದ ಕೆಲಸ ಮಾಡಿದ್ದಾರೆಂದು ತಿಳಿಯಬಹುದು. ಚಿತ್ರದ ಮುಖ್ಯ ಆಕೃತಿಯ ಮೂಗು ಮಡಿಕೆಯೊಳಗೆ ಮುಳುಗಿದ್ದರೆ ಆ ಪುಸ್ತಕವನ್ನು ಕೆಳಗಿಡಬಹುದು.

ಪ್ರತಿಷ್ಠಾಪನಾ ಕಲೆಯಲ್ಲಿ ಈ ಸಮಸ್ಯೆ ಇನ್ನೂ ತೀವ್ರ. ಭದ್ರಾವತಿಯಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ಕೆಲಸ ಮಾಡುವ ಶೀಲಾ ಗೌಡ ಅವರ ‘ಬಿಹೋಲ್ಡ್’ 2009ರ ವೆನಿಸ್ ಬಿನಾಲೆಯಲ್ಲಿ (ಎರಡು ವರ್ಷಕ್ಕೊಮ್ಮೆ ನಡೆಯುವ ಕಲಾಪ್ರದರ್ಶನ) ಪ್ರದರ್ಶಿತವಾಗಿ, ಈಗ ಲಂಡನ್ನಿನ ಟೇಟ್ ಕಲಾಸಂಗ್ರಹಾಲಯದಲ್ಲಿದೆ. ಮನುಷ್ಯರ ಕೂದಲಿನಿಂದ ಹೊಸೆದ ಸಾವಿರಾರು ಮೀಟರ್ ಹಗ್ಗ, ಅದರಲ್ಲಿ ತೂಗಿದ ಕಾರಿನ ಬಂಪರುಗಳು. ವಾಹನಕ್ಕೆ ದೃಷ್ಟಿ ತಾಕದಿರಲೆಂದು ಬಂಪರಿಗೆ ಕೂದಲ ಹಗ್ಗ ಕಟ್ಟುವ ನಮ್ಮ ಪದ್ಧತಿಯಿಂದಲೇ ಆ ಕೃತಿ ಹುಟ್ಟಿದೆ. ದೂರದಿಂದ ತೆಗೆದ ಒಂದೇ ಛಾಯಾಚಿತ್ರವನ್ನು ತರಗತಿಯಲ್ಲಿ ತೋರಿಸಿದಾಗ ಮಕ್ಕಳು ಅದನ್ನು ಬಿಳಿಗೋಡೆಯ ಮೇಲೆ ಎಳೆದ ಮಸಿಯ ಗೆರೆಗಳೆಂದು ತಿಳಿದರು. ಹತ್ತಿರದಿಂದ ತೆಗೆದ ಚಿತ್ರವನ್ನು ತೋರಿಸಿದ ಕೂಡಲೇ, ಹೆದ್ದಾರಿಯ ಪಕ್ಕದ ಮನೆಯ ಹುಡುಗನೊಬ್ಬ, ‘ಸರ್, ಇದು ಲಾರಿಗೆ ಕಟ್ತಾರಲ್ಲ, ಅದೇ’ ಎಂದ. ಎರಡನೆಯ ಆ ಚಿತ್ರವಿಲ್ಲದ ಪುಸ್ತಕವಾಗಿದ್ದರೆ ಅವನಿಗೆ ಕೃತಿ ದಕ್ಕುತ್ತಲೇ ಇರಲಿಲ್ಲ. ಆದ್ದರಿಂದ ಕೊಳ್ಳುವ ಮೊದಲು ಶಿಲ್ಪ ಅಥವಾ ಪ್ರತಿಷ್ಠಾಪನೆಯ ಪುಟಗಳನ್ನು ತೆರೆದು, ಒಬ್ಬ ಕಲಾವಿದನಿಗೆ ಎಷ್ಟು ಚಿತ್ರ, ಅವುಗಳಲ್ಲಿ ಹತ್ತಿರದವು ಎಷ್ಟು ಎಂದು ಎಣಿಸಿ ನೋಡಿರಿ.

ಅಡಿಬರಹದಲ್ಲಿ ಹೆಸರು, ವರ್ಷ, ಮಾಧ್ಯಮ, ಅಳತೆ ಈ ನಾಲ್ಕೂ ಇರಬೇಕು, ಮತ್ತು ಅದು ಚಿತ್ರವಿರುವ ಪುಟದಲ್ಲಿಯೇ ಇರಬೇಕು. ಪುಟವನ್ನು ಶುಭ್ರವಾಗಿ ಕಾಣಿಸುವ ಹಂಬಲದಿಂದ ಎಲ್ಲ ಅಡಿಬರಹಗಳನ್ನೂ ಪುಸ್ತಕದ ಕೊನೆಗೆ ತಳ್ಳುವ ವಿನ್ಯಾಸ ನನಗೆ ಎಂದೂ ಒಪ್ಪಿಗೆಯಾಗಿಲ್ಲ. ಎರಡು ಕಿಲೋ ತೂಕದ ಪುಸ್ತಕವನ್ನು ತೊಡೆಯ ಮೇಲೆ ಇಟ್ಟುಕೊಂಡು ಹಿಂದಕ್ಕೂ ಮುಂದಕ್ಕೂ ತಿರುವುವ ಓದುಗನ ಕಷ್ಟ ಅಲ್ಲಿ ಲೆಕ್ಕಕ್ಕೆ ಬಂದಿಲ್ಲ.

ಮುದ್ರಣವನ್ನು ಪರೀಕ್ಷಿಸಲು ಒಂದು ಭೂತಗನ್ನಡಿ ಸಾಕು. ನಾಲ್ಕು ಬಣ್ಣಗಳ ಆಫ್‌ಸೆಟ್ ಮುದ್ರಣದಲ್ಲಿ ಚಿತ್ರವೆಲ್ಲ ಚುಕ್ಕೆಗಳಿಂದಲೇ ಆಗಿರುತ್ತದೆ. ಇಂಚಿಗೆ 150ರಿಂದ 200 ಸಾಲು ಚುಕ್ಕೆಗಳಿದ್ದರೆ ಬರಿಗಣ್ಣಿಗೆ ಅವು ಕಾಣುವುದಿಲ್ಲ. ಕನ್ನಡಿಯ ಕೆಳಗೆ ಚುಕ್ಕೆಗಳು ದುಂಡಗೆ ಬಿಡಿಬಿಡಿಯಾಗಿ, ನಾಲ್ಕು ಬಣ್ಣಗಳೂ ತಮ್ಮ ತಮ್ಮ ಜಾಗದಲ್ಲಿ ಕುಳಿತಿದ್ದರೆ ಸರಿ. ಕಪ್ಪು ಗೆರೆಯ ಅಂಚಿನಲ್ಲಿ ಕೆಂಪೋ ನೀಲಿಯೋ ಇಣುಕಿದರೆ ಅಚ್ಚಿನಲ್ಲಿ ಬಣ್ಣಗಳು ಹೊಂದಿಲ್ಲ. ಕಪ್ಪು ಬಿಳುಪಿನ ಛಾಯಾಚಿತ್ರಗಳೇ ನಿಜವಾದ ಒರೆಗಲ್ಲು. ಕಲಾವಿದೆ ಪುಷ್ಪಮಾಲಾ ಎನ್. ಅವರ ‘ಫ್ಯಾಂಟಮ್ ಲೇಡಿ’ ಸರಣಿಯಂತಹ, ಇರುಳಿನ ನೆರಳುಗಳೇ ಮಾತನಾಡುವ ಚಿತ್ರಗಳನ್ನು ಒಂದೇ ಕಪ್ಪು ಮಸಿಯಲ್ಲಿ ಅಚ್ಚುಹಾಕಿದರೆ ನೆರಳೆಲ್ಲ ಬೂದಿಯಾಗಿಬಿಡುತ್ತದೆ. ಕಪ್ಪಿನ ಜೊತೆಗೆ ಬೂದುಬಣ್ಣದ ಎರಡನೆಯ ಮಸಿಯನ್ನೂ ಸೇರಿಸಿ ಮುದ್ರಿಸಿದಾಗ ಮಾತ್ರ ಕತ್ತಲಿನೊಳಗಿನ ವಿವರ ತೆರೆದುಕೊಳ್ಳುತ್ತದೆ.

ಕಾಗದ, ಹೊಲಿಗೆ, ಮಳೆಗಾಲ

ಲಂಡನ್ನಿನಲ್ಲಿಯೋ ಕಲೋನಿನಲ್ಲಿಯೋ ಕುಳಿತು ಪುಸ್ತಕ ರೂಪಿಸುವವರಿಗೆ ಆಷಾಢದ ಕಾರವಾರ ಗೊತ್ತಿರುವುದಿಲ್ಲ. ನಾವು ಮಾತ್ರ ಅದನ್ನು ಲೆಕ್ಕಕ್ಕೆ ತೆಗೆದುಕೊಂಡೇ ಕೊಳ್ಳಬೇಕು.

ಆರ್ಟ್ ಪೇಪರಿನ ಹೊಳಪು ಕಾಗದದ್ದಲ್ಲ. ನುಣುಪಾದ ಬಿಳಿಮಣ್ಣು ಅಥವಾ ಸುಣ್ಣದ ಪುಡಿಯನ್ನು ಅಂಟಿನಲ್ಲಿ ಕಲಸಿ ಕಾಗದದ ಮೇಲೆ ಬಳಿದ ಲೇಪ ಅದು. ಬಣ್ಣ ಕಾಗದದೊಳಗೆ ಇಂಗದೆ ಮೇಲೆಯೇ ನಿಲ್ಲುವುದರಿಂದ ಚಿತ್ರ ಕಣ್ಣಿಗೆ ಕಟ್ಟುತ್ತದೆ. ಆದರೆ ನೀರು ತಾಗಿದ ಕೂಡಲೇ ಆ ಅಂಟು ಮತ್ತೆ ಎಚ್ಚರಗೊಳ್ಳುತ್ತದೆ, ಪುಟ ಪುಟಕ್ಕೆ ಹತ್ತಿಕೊಳ್ಳುತ್ತದೆ, ಹಾಗೆಯೇ ಒಣಗಿದರೆ ಪುಸ್ತಕ ಇಟ್ಟಿಗೆಯಾಗುತ್ತದೆ. ಕಾರವಾರದ ಕಾಜುಬಾಗದಲ್ಲಿ ಬಾಡಿಗೆಯ ಹೆಂಚಿನ ಮನೆಯಲ್ಲಿದ್ದಾಗ, ಒಡೆದ ಹೆಂಚಿನ ಸಂದಿನಿಂದ ಎರಡು ರಾತ್ರಿ ಹನಿ ಬಿದ್ದು ನನ್ನ ಮೊದಲ ಸಮೀಕ್ಷಾ ಗ್ರಂಥ ನೆನೆಯಿತು. ತಿಳಿಯದೆ ಅದನ್ನು ಮುಚ್ಚಿಯೇ ಫ್ಯಾನಿನ ಕೆಳಗೆ ಒಣಗಲು ಇಟ್ಟೆ. ಮೂರು ದಿನ ಬಿಟ್ಟು ತೆರೆಯಲು ಹೋದಾಗ ಪುಟಗಳು ಬಾಳೆಪಟ್ಟೆ ಸುಲಿದಂತೆ ಸದ್ದು ಮಾಡುತ್ತ ಬಿಟ್ಟವು. ಎಡಪುಟದ ಕೆಂಪು ಬಣ್ಣ ಲೇಪದೊಂದಿಗೆ ಕಿತ್ತು ಬಲಪುಟದ ಆಕಾಶದ ಮೇಲೆ ಹತ್ತಿಕೊಂಡಿತು, ಅದು ಕಿತ್ತ ಜಾಗದಲ್ಲಿ ಒರಟಾದ ಬಿಳಿ ಕಾಗದ ಉಳಿಯಿತು. ಆ ಪುಸ್ತಕವನ್ನು ಇಂದಿಗೂ ಇಟ್ಟುಕೊಂಡಿದ್ದೇನೆ. ನೆನೆದ ಆರ್ಟ್ ಪೇಪರಿನ ಪುಸ್ತಕವನ್ನು ಒಣಗುವ ಮೊದಲೇ ತೆರೆದು, ಪ್ರತಿ ಪುಟದ ನಡುವೆಯೂ ಹೀರುವ ಕಾಗದ ಇಟ್ಟು, ಅದು ಒದ್ದೆಯಾದಂತೆಲ್ಲ ಬದಲಿಸಬೇಕಿತ್ತೆಂದು ಆಮೇಲೆ ತಿಳಿಯಿತು.

ಹೊಳಪಿನ ಲೇಪಕ್ಕಿಂತ ಹೊಳೆಯದ ಮ್ಯಾಟ್ ಲೇಪದ ಕಾಗದ ನಮ್ಮ ಕಡೆಗೆ ಉತ್ತಮವೆಂದು ಹೇಳುತ್ತೇನೆ, ಮುಖ್ಯವಾಗಿ ಟ್ಯೂಬ್‌ಲೈಟಿನ ಬೆಳಕು ಅದರಲ್ಲಿ ಪ್ರತಿಫಲಿಸಿ ಕಣ್ಣಿಗೆ ಹೊಡೆಯುವುದಿಲ್ಲ. ನೀರಿನ ವಿಷಯದಲ್ಲಿ ಎರಡೂ ಅಷ್ಟೇ ಅಪಾಯದವು. ಲೇಪವಿಲ್ಲದ ದಪ್ಪ ಕಾಗದದಲ್ಲಿ ಮುದ್ರಿಸಿದ ಕಲಾಗ್ರಂಥಗಳೂ ಈಗ ಬರುತ್ತಿವೆ. ರೇಖಾಚಿತ್ರ ಮತ್ತು ಜಲವರ್ಣಕ್ಕೆ ಅವು ಬಹಳ ಒಪ್ಪುತ್ತವೆ, ತೈಲವರ್ಣದ ಕಡುಗಪ್ಪು ಮಾತ್ರ ಸ್ವಲ್ಪ ಮಂಕಾಗುತ್ತದೆ.

ಹೊಲಿಗೆಯ ವಿಷಯದಲ್ಲಿ ನನಗೆ ರಾಜಿ ಇಲ್ಲ. ಪುಸ್ತಕದ ಬೆನ್ನನ್ನು ಮೇಲಿನಿಂದ ನೋಡಿದರೆ ಹದಿನಾರು ಪುಟದ ಫಾರಂಗಳು ಒಂದೊಂದಾಗಿ ಮಡಚಿ ಕುಳಿತದ್ದು ಕಾಣಬೇಕು. ಒಂದು ಫಾರಂನ ನಡುವೆ ತೆರೆದರೆ ದಾರ ಕಾಣಬೇಕು. ಬರಿಯ ಅಂಟಿನಲ್ಲಿ ಕೂಡಿಸಿದ ದಪ್ಪ ಪುಸ್ತಕ ಚಪ್ಪಟೆಯಾಗಿ ತೆರೆಯುವುದಿಲ್ಲ, ಬಲವಂತ ಮಾಡಿದರೆ ಬೆನ್ನು ಬಿರಿದು ಪುಟಗಳು ಉದುರುತ್ತವೆ. ತೂಕವನ್ನೂ ಒಮ್ಮೆ ಲೆಕ್ಕ ಹಾಕಿರಿ: 29 × 25 ಸೆಂಟಿಮೀಟರ್ ಅಳತೆಯ 350 ಪುಟಗಳನ್ನು 150 ಜಿ.ಎಸ್.ಎಂ. (ಒಂದು ಚದರ ಮೀಟರಿಗೆ 150 ಗ್ರಾಂ ತೂಗುವ) ಕಾಗದದಲ್ಲಿ ಅಚ್ಚು ಹಾಕಿದರೆ ಒಳಪುಟಗಳದ್ದೇ 1.9 ಕಿಲೋ ಆಗುತ್ತದೆ. ರಟ್ಟು ಸೇರಿದರೆ ಎರಡು ಕಿಲೋ ಮೀರುತ್ತದೆ. ಇಷ್ಟು ಭಾರವನ್ನು ನಿಲ್ಲಿಸಿ ಇಟ್ಟರೆ ಪುಟಗಳ ಕಟ್ಟು ರಟ್ಟಿನಿಂದ ಕೆಳಕ್ಕೆ ಜಗ್ಗುತ್ತದೆ, ಆದ್ದರಿಂದ ಮಲಗಿಸಿಯೇ ಇಡಬೇಕು, ಒಂದರ ಮೇಲೆ ಎರಡಕ್ಕಿಂತ ಹೆಚ್ಚು ಬೇಡ. ಚಿರೆಕಲ್ಲಿನ ಗೋಡೆಗೆ ಕಪಾಟನ್ನು ತಾಗಿಸದೆ ನಾಲ್ಕು ಬೆರಳು ಬಿಟ್ಟಿರಲಿ. ಗಾಳಿಯ ತೇವ ಶೇಕಡಾ 65-70 ದಾಟಿದರೆ ಬೂಷ್ಟು ಹುಟ್ಟಲು ಅನುಕೂಲ. ನಮ್ಮಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ ಅದು 80ರ ಮೇಲೆಯೇ ಇರುತ್ತದೆ. ವಾರಕ್ಕೊಮ್ಮೆ ತೆಗೆದು ತಿರುವಿ ಹಾಕುವುದಕ್ಕಿಂತ ಮಿಗಿಲಾದ ಉಪಾಯವನ್ನು ನಾನು ಕಂಡಿಲ್ಲ.

ನಮ್ಮವರು ಎಲ್ಲಿದ್ದಾರೆ

ಪಶ್ಚಿಮದ ಸಮೀಕ್ಷೆಗಳಲ್ಲಿ ಭಾರತದ ಹೆಸರುಗಳು ಕೆಲವೇ, ಕರ್ನಾಟಕದವು ಇನ್ನೂ ವಿರಳ. ಅವನ್ನು ದೂರುವುದಕ್ಕಿಂತ ಪಕ್ಕದಲ್ಲಿ ಇನ್ನೊಂದು ಪುಸ್ತಕವನ್ನು ಇಡುವುದು ಲೇಸು. 2022ರಲ್ಲಿ ಬಂದ, ಇಪ್ಪತ್ತನೆಯ ಶತಮಾನದ ಭಾರತೀಯ ಕಲೆಯನ್ನು ಸ್ವಾತಂತ್ರ್ಯಪೂರ್ವದಿಂದ ಇಂದಿನವರೆಗೆ ಒಟ್ಟುಗೂಡಿಸಿದ ಥೇಮ್ಸ್ ಅಂಡ್ ಹಡ್ಸನ್ ಸಂಪುಟ 700 ಪುಟಗಳನ್ನು ಮೀರಿದ್ದು; ಹಲವು ವಿದ್ವಾಂಸರ ಲೇಖನಗಳನ್ನು ಕೂಡಿಸಿ ಕಟ್ಟಿದ್ದರಿಂದ ಚಿತ್ರದಷ್ಟೇ ಬರಹಕ್ಕೂ ತೂಕವಿದೆ. ಬೆಲೆಯೂ ಹಾಗೆಯೇ ಹೆಚ್ಚು. 1954ರಲ್ಲಿ ಸ್ಥಾಪನೆಯಾದ ಕೇಂದ್ರದ ಲಲಿತಕಲಾ ಅಕಾಡೆಮಿ ಒಬ್ಬೊಬ್ಬ ಕಲಾವಿದರ ಮೇಲೆ ತಂದ ತೆಳುವಾದ ಪುಸ್ತಕಗಳು, ನಮ್ಮ ಕರ್ನಾಟಕ ಲಲಿತಕಲಾ ಅಕಾಡೆಮಿಯ ಕನ್ನಡ ಪ್ರಕಟಣೆಗಳು ಅಗ್ಗವಾಗಿ ಸಿಗುತ್ತವೆ. ಅವುಗಳ ಮುದ್ರಣ ಫೈಡನ್‌ನ ಮಟ್ಟಕ್ಕೆ ಬರುವುದಿಲ್ಲ ಎಂಬುದನ್ನು ಒಪ್ಪಬೇಕು. ಆದರೆ ಕಲಾವಿದನ ಮಾತನ್ನು ಕನ್ನಡದಲ್ಲಿ ಓದಿದ ಹುಡುಗನಿಗೆ ದೊಡ್ಡ ಇಂಗ್ಲಿಷ್ ಸಂಪುಟದ ಚಿತ್ರಗಳು ಬೇರೆಯಾಗಿಯೇ ಕಾಣುತ್ತವೆ ಎಂಬುದನ್ನು ತರಗತಿಯಲ್ಲಿ ಮತ್ತೆ ಮತ್ತೆ ಕಂಡಿದ್ದೇನೆ. 2012ರಲ್ಲಿ ಆರಂಭವಾದ ಕೊಚ್ಚಿ ಮುಜಿರಿಸ್ ಬಿನಾಲೆಗೆ ಕೊಂಕಣ ರೈಲಿನಲ್ಲಿ ಒಂದು ರಾತ್ರಿಯ ಪ್ರಯಾಣ. ಹೋದವರು ಅಲ್ಲಿಯ ಪುಸ್ತಕಗಳನ್ನೂ ತಂದರೆ ಕಪಾಟು ತುಂಬುತ್ತದೆ.

ಪ್ರಕಟಣೆಯ ವರ್ಷವನ್ನು ನೋಡಲು ಮರೆಯಬಾರದು. ‘ಸಮಕಾಲೀನ’ ಎಂಬ ಮಾತು ಮುಖಪುಟದಲ್ಲಿ ಎಂದೆಂದಿಗೂ ಹಾಗೆಯೇ ಇರುತ್ತದೆ, ಒಳಗಿನದು ಹಳತಾಗುತ್ತದೆ. 2002ರ ಸಂಪುಟದಲ್ಲಿ ಹೊಸಬರೆಂದು ಬಂದವರಲ್ಲಿ ಕೆಲವರು ಇಂದು ಹಿರಿಯರು, ಕೆಲವರ ಹೆಸರು ಮತ್ತೆ ಕೇಳಿಬಂದಿಲ್ಲ. ಹಳೆಯ ಸಂಪುಟ ಅರ್ಧ ಬೆಲೆಗೆ ಸಿಕ್ಕರೆ ಕೊಳ್ಳಬಹುದು, ಆ ಕಾಲ ಯಾರ ಮೇಲೆ ಭರವಸೆ ಇಟ್ಟಿತ್ತೆಂದು ಅದು ಹೇಳುತ್ತದೆ. ಆದರೆ ಅದೊಂದೇ ಪುಸ್ತಕವಾಗಬಾರದು.

ಯಾರಿಗೆ ಯಾವುದು

ಶಾಲೆಯ ಮಕ್ಕಳಿಗೆ ಅಕಾರಾದಿ ಪುಸ್ತಕದ ಚಿಕ್ಕ ಆವೃತ್ತಿ ಸಾಕು, ಅದು ಬೀಳಲಿ, ಬೆರಳಚ್ಚು ಹತ್ತಲಿ, ಚಿಂತೆ ಬೇಡ. ಧಾರವಾಡ, ಮೈಸೂರು, ಬೆಂಗಳೂರುಗಳ ಕಲಾಶಾಲೆಗೆ ಸೇರಲು ಸಿದ್ಧರಾಗುತ್ತಿರುವವರು ತಾವು ಹಿಡಿಯಬೇಕೆಂದಿರುವ ಮಾಧ್ಯಮದ ‘ವಿಟಮಿನ್’ ಸಂಪುಟವನ್ನು ಒಂದನ್ನೇ ಕೊಂಡು, ಅದನ್ನೇ ಎರಡು ವರ್ಷ ನೋಡಲಿ ಎಂಬುದು ನನ್ನ ಸಲಹೆ. ಎಲ್ಲ ಮಾಧ್ಯಮಗಳನ್ನೂ ಮುಟ್ಟುವ ನಾಲ್ಕು ಪುಸ್ತಕಗಳಿಗಿಂತ ಅದರಿಂದ ಹೆಚ್ಚು ಕಲಿಯುತ್ತಾರೆ. ಪ್ರಯಾಣದಲ್ಲಿ ಓದುವವರಿಗೆ, ಇಂಗ್ಲಿಷ್ ಸರಾಗವಾಗಿ ಬರುವವರಿಗೆ ‘ವರ್ಲ್ಡ್ ಆಫ್ ಆರ್ಟ್’. ಕಲಾಕೃತಿ ಕೊಳ್ಳುವ ಆಸಕ್ತಿಯವರಿಗೆ ತಾಶೆನ್ ಸಂಪುಟಗಳು ಉಪಯುಕ್ತ, ಕೆಲವು ಸಂಪುಟಗಳ ಕೊನೆಯಲ್ಲಿ ಗ್ಯಾಲರಿ ಮತ್ತು ಬೆಲೆಗಳ ಮಾಹಿತಿಯನ್ನೂ ಕೊಟ್ಟಿದ್ದಾರೆ. ಆನ್‌ಲೈನಿನಲ್ಲಿ ತರಿಸುವವರು ಹೊಲಿಗೆ ಬೈಂಡಿಂಗೇ ಎಂದು ಮೊದಲೇ ಕೇಳಿ ಖಚಿತಪಡಿಸಿಕೊಳ್ಳಲಿ. ಒಬ್ಬ ಮಾರಾಟಗಾರ ನನಗೆ ಕಳಿಸಿದ ಪ್ರತಿಯ ಬೆನ್ನು ಪೊಟ್ಟಣ ಬಿಚ್ಚುವಾಗಲೇ ಬಿರಿದಿತ್ತು.

ಶಿರಸಿಯ ವಾಚನಾಲಯಕ್ಕೆ ಕೊನೆಗೆ ತರಿಸಿದ್ದು ರೇಖಾಚಿತ್ರದ ಒಂದು ಸಂಪುಟ, ನೂಲು ಮತ್ತು ಬಟ್ಟೆಯ ಒಂದು ಸಂಪುಟ, ಅಕಾರಾದಿಯ ಒಂದು ಚಿಕ್ಕ ಆವೃತ್ತಿ, ಅಕಾಡೆಮಿಯ ಆರು ಕನ್ನಡ ಪುಸ್ತಕಗಳು. ಭಾರತೀಯ ಕಲೆಯ ದೊಡ್ಡ ಸಂಪುಟಕ್ಕೆ ಹಣ ಸಾಲಲಿಲ್ಲ. ಬರುವ ವರ್ಷಕ್ಕೆ ಅದನ್ನು ಪಟ್ಟಿಯ ಮೊದಲಿಗೆ ಬರೆದಿಟ್ಟಿದ್ದಾರೆ. ಎರಡು ಭಾರದ ಪುಸ್ತಕಗಳನ್ನು ಮನೆಗೆ ಕೊಡದೆ, ಕಿಟಕಿಯ ಬೆಳಕು ಬೀಳುವ ಮೇಜಿನ ಮೇಲೆ ಇಳಿಜಾರು ಹಲಗೆ ಹಾಕಿಸಿ ಅಲ್ಲಿಯೇ ತೆರೆದಿಡಲಾಗಿದೆ, ಪುಟವನ್ನು ದಿನಕ್ಕೊಮ್ಮೆ ಮಗುಚುತ್ತಾರೆ. ಉಳಿದ ನಾನೂರು ರೂಪಾಯಿಯಲ್ಲಿ ಒಂದು ಭೂತಗನ್ನಡಿ ತಂದು, ದಾರ ಕಟ್ಟಿ ಮೇಜಿನ ಕಾಲಿಗೆ ಬಿಗಿದಿದ್ದಾರೆ.